ಗೀಸರ್ ನೀರು ಕಾಯ್ತಿಲ್ವಾ? ಕಾಯಿಲ್ ಬದಲಿಸೋ ಮುಂಚೆ ಒಂದು ಭಾಗಾಕಾರ ಮಾಡಿ

ತಿಪಟೂರಿನ ಕಡೆ ನಮ್ಮತ್ತೆಯ ತೋಟದ ಮನೆ ಇದೆ. ಹೋದ ಚಳಿಗಾಲದಲ್ಲಿ ಅವರು ಫೋನ್ ಮಾಡಿದಾಗಲೆಲ್ಲ ಒಂದೇ ದೂರು. "ಬೆಳಿಗ್ಗೆ ಆರಕ್ಕೆ ಗೀಸರ್ ಹಾಕಿದ್ರೆ ಅರ್ಧ ಗಂಟೆ ದಾಟಿದ್ರೂ ಕೆಂಪು ದೀಪ ಆರಲ್ಲ ಕಣೋ, ರಾತ್ರಿ ಹಾಕಿದ್ರೆ ಪರವಾಗಿಲ್ಲ." ಪಕ್ಕದಿಂದ ಮಾವ ಕೂಗುತ್ತಿದ್ದರು, "ಹಂಡೆಗೆ ನಾಲ್ಕು ತೆಂಗಿನ ಮಟ್ಟೆ ಹಾಕಿದ್ರೆ ಇಷ್ಟೊತ್ತಿಗೆ ಮೂರು ಜನದ ಸ್ನಾನ ಆಗಿರೋದು."

ಎಲೆಕ್ಟ್ರಿಷಿಯನ್ ಒಬ್ಬರು ಬಂದು ಕಾಯಿಲ್ ಹೋಗಿದೆ ಅಂದರು. ಹೊಸದು ಹಾಕಿದರು. ಏನೂ ಬದಲಾಗಲಿಲ್ಲ. ಎರಡನೇ ಸಲ ಬಂದಾಗ ವೋಲ್ಟೇಜ್ ಕಮ್ಮಿ, ಸ್ಟೆಬಿಲೈಸರ್ ಹಾಕಿಸಿ ಅಂದರು. ಅತ್ತೆ ಅದಕ್ಕೆ ದುಡ್ಡು ಹೊಂದಿಸುತ್ತಿದ್ದಾಗಲೇ ನಾನು ಸಂಕ್ರಾಂತಿಗೆ ಅಲ್ಲಿಗೆ ಹೋದೆ, ಬ್ಯಾಗಲ್ಲಿ ವೋಲ್ಟ್, ಓಮ್ ಅಳೆಯೋ ಒಂದು ಮಲ್ಟಿಮೀಟರ್, ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋ ಒಂದು ಕ್ಲಾಂಪ್ ಮೀಟರ್ ಇಟ್ಟುಕೊಂಡು. ಕಾಯಿಲ್‌ಗೆ ಕೊಟ್ಟ ದುಡ್ಡು ದಂಡ, ಅದು ಹೋಗಲಿ. ಆ ಸ್ಟೆಬಿಲೈಸರ್ ಹಾಕಿಸಿದ್ದರೆ ಮಾತ್ರ ಬಚ್ಚಲ ಬಾಗಿಲ ಮೇಲೆ ಬೆಂಕಿ ಹತ್ತಿಕೊಳ್ಳುವ ಸಾಧ್ಯತೆ ಇತ್ತು. ಯಾಕೆ ಅಂತ ಲೆಕ್ಕದಲ್ಲೇ ತೋರಿಸುತ್ತೇನೆ.

ಮೊದಲು ಲೇಬಲ್ ಓದಿ

ಗೀಸರ್‌ನ ಹೊಟ್ಟೆ ಕೆಳಗೆ ಒಂದು ಲೇಬಲ್ ಇರುತ್ತೆ. ಇದರಲ್ಲಿ 15 ಲೀಟರ್, 230 ವೋಲ್ಟ್, 2000 ವಾಟ್ ಅಂತ ಇತ್ತು. ಇಷ್ಟು ಸಾಕು. ಸೂತ್ರ ಎರಡೇ:

ವೋಲ್ಟ್ × ಆಂಪಿಯರ್ = ವಾಟ್
ವೋಲ್ಟ್ ÷ ಆಂಪಿಯರ್ = ಓಮ್

2000 ವಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿದರೆ 26.4 ಓಮ್. ಅಂದರೆ ಕಾಯಿಲ್ ಚೆನ್ನಾಗಿದ್ದರೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡೋ ತಡೆ, ಅಳೆಯೋದು ಓಮ್‌ನಲ್ಲಿ) 26ರ ಆಸುಪಾಸು ಇರಬೇಕು. ತಯಾರಿಕೆಯಲ್ಲಿ ವಾಟ್ 5 ಪರ್ಸೆಂಟ್ ಜಾಸ್ತಿ, 10 ಪರ್ಸೆಂಟ್ ಕಮ್ಮಿ ಆಗೋದು ಮಾಮೂಲಿ. ಹಾಗಾಗಿ 25ರಿಂದ 29 ಓಮ್‌ವರೆಗೆ ಏನು ಬಂದರೂ ಕಾಯಿಲ್ ಮೇಲೆ ಅನುಮಾನ ಬೇಡ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಲೇಬಲ್ ಮೇಲಿನ 2000 ವಾಟ್ ಯಾವಾಗಲೂ ಸಿಗೋ ಮಾಲಲ್ಲ. 230 ವೋಲ್ಟ್ ಬಂದರೆ ಮಾತ್ರ ಆ ಲೆಕ್ಕ. ಗೀಸರ್‌ನಲ್ಲಿ ಹೆಚ್ಚುಕಮ್ಮಿ ಬದಲಾಗದೆ ಕೂತಿರೋದು ಓಮ್ ಒಂದೇ, ಉಳಿದಿದ್ದೆಲ್ಲ ಲೈನಿನ ಮರ್ಜಿ. ವೋಲ್ಟೇಜ್ ಇಳಿದರೆ ಕರೆಂಟೂ ಅದರ ಜೊತೆ ಇಳಿಯುತ್ತೆ, ಎರಡೂ ಇಳಿದ ಮೇಲೆ ಗುಣಿಸೋದರಿಂದ ವಾಟ್‌ಗೆ ಎರಡು ಕಡೆಯಿಂದ ಹೊಡೆತ. ಅರ್ಧ ವೋಲ್ಟೇಜ್ ಬಂದರೆ ಕಾಲು ವಾಟ್. ಆಂಪಿಯರ್ ಗೊತ್ತಿಲ್ಲ, ಓಮ್ ಗೊತ್ತು ಅನ್ನೋದಾದರೆ ವೋಲ್ಟ್ × ವೋಲ್ಟ್ ÷ ಓಮ್ ಅಂತ ನೇರವಾಗಿ ಮಾಡಿದರೂ ಅದೇ ಉತ್ತರ.

ಇನ್ನೊಂದು ಲೆಕ್ಕ ಮೊದಲೇ ಮಾಡಿಟ್ಟುಕೊಳ್ಳಿ. 15 ಲೀಟರ್ ನೀರು 22 ಡಿಗ್ರಿಯಿಂದ 60 ಡಿಗ್ರಿಗೆ ಏರಬೇಕು ಅಂದರೆ 15 × 38 × 4.186, ಸುಮಾರು 2386 ಕಿಲೋಜೂಲ್. ಸೆಕೆಂಡಿಗೆ 2 ಕಿಲೋಜೂಲ್ ಕೊಡೋ ಗೀಸರ್‌ಗೆ ಇದು 20 ನಿಮಿಷದ ಕೆಲಸ. ಅತ್ತೆ ಮನೆಯಲ್ಲಿ ಬೆಳಿಗ್ಗೆ 35 ನಿಮಿಷ ಹಿಡಿಯುತ್ತಿತ್ತು. ಅಂದರೆ ನೀರಿಗೆ ಸೇರುತ್ತಿದ್ದದ್ದು 1100 ಚಿಲ್ಲರೆ ವಾಟ್. ಮೀಟರ್ ಕೈಗೆತ್ತಿಕೊಳ್ಳುವ ಮುಂಚೆಯೇ ಗಡಿಯಾರದಿಂದ ಇಷ್ಟು ಗೊತ್ತಾಯಿತು.

ಪ್ಲಗ್ ಕಿತ್ತು ಓಮ್ ಅಳೆಯಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕೈಯಲ್ಲಿ ಹಿಡ್ಕೊಳ್ಳಿ. ಮೀಟರನ್ನು ಓಮ್‌ಗೆ ತಿರುಗಿಸಿ, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ನನ್ನದರಲ್ಲಿ 0.3 ಬರುತ್ತೆ, ಅದು ಮೀಟರ್ ವೈರಿನ ಓಮ್, ಕಳೀಬೇಕು. ಆಮೇಲೆ ಪ್ಲಗ್‌ನ ಕೆಳಗಿನ ಎರಡು ಪಿನ್‌ಗಳಿಗೆ ಹಿಡಿಯಿರಿ. ದಪ್ಪಗೆ ಮೇಲಿರೋದು ಅರ್ಥ್, ಅದನ್ನು ಬಿಡಿ. ತೊಟ್ಟಿಯಲ್ಲಿ ತಣ್ಣೀರಿರಬೇಕು, ಇಲ್ಲಾಂದ್ರೆ ನೀರು ಕಾದ ಮೇಲೆ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟ್ ಕಟ್ ಆಗಿದ್ದು ಕಾಯಿಲ್ ಸತ್ತ ಹಾಗೆ ಕಾಣುತ್ತೆ.

27.3 ಬಂತು. 0.3 ಕಳೆದರೆ 27. ಕಾಯಿಲ್ ಗಟ್ಟಿಮುಟ್ಟಾಗಿದೆ.

ಹಳೆ ಕಾಯಿಲ್ ಏನು ಮಾಡಿದಿರಿ ಅಂತ ಕೇಳಿದೆ. ಅತ್ತೆ ಯಾವುದನ್ನೂ ಎಸೆಯೋರಲ್ಲ, ಕೊಟ್ಟಿಗೆಯ ಗೂಡಿನಿಂದ ತಂದುಕೊಟ್ಟರು. ಬೋರ್‌ವೆಲ್ ನೀರಿನ ಸುಣ್ಣ ಹತ್ತಿ ಬೂದಿ ಬಳಿದ ಹಾಗಿತ್ತು, ಉಗುರಲ್ಲಿ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಮೀಟರ್ ಹಿಡಿದರೆ 26.8 ಓಮ್! ಸುಣ್ಣ ಕಾಯಿಲ್‌ನ ಆಯಸ್ಸು ತಿನ್ನುತ್ತೆ ನಿಜ, ಒಳಗಿನ ಶಾಖ ಹೊರಗೆ ಹೋಗೋಕೆ ಬಿಡದೆ ಅದನ್ನೇ ಸುಡುತ್ತೆ. ಆದರೆ ತಂತಿಯ ಓಮ್ ಸರಿ ಇರೋವರೆಗೆ ವಾಟ್ ಅಷ್ಟೇ. ಆ ಕಾಯಿಲ್‌ಗೆ ಏನೂ ಆಗಿರಲಿಲ್ಲ.

ನಿಮ್ಮ ಮೀಟರ್ ಬೇರೇನಾದರೂ ತೋರಿಸಿದರೆ? ಓಎಲ್ ಅಂತ ಬಂದರೆ ದಾರಿ ಎಲ್ಲೋ ತುಂಡಾಗಿದೆ: ಕಾಯಿಲ್, ಥರ್ಮೋಸ್ಟಾಟ್, ಅಥವಾ ಜಾಸ್ತಿ ಬಿಸಿಯಾದಾಗ ಹಾರೋ ಕಟ್‌ಔಟ್. ಕಟ್‌ಔಟ್‌ಗೆ ಒಂದು ಪುಟ್ಟ ಗುಂಡಿ ಇರುತ್ತೆ, ಅದನ್ನು ಒಮ್ಮೆ ಒತ್ತಿ ನೋಡಿ. ಲೇಬಲ್ ಲೆಕ್ಕದ ಎರಡರಷ್ಟು ಓಮ್ ಬಂದರೆ, ಎರಡು ಕಾಯಿಲ್ ಇರೋ ಗೀಸರ್‌ನಲ್ಲಿ ಒಂದು ಸತ್ತಿದೆ ಅಂತ ಅರ್ಥ.

ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಲೈನ್ ಕಡಿಯೋ ಸ್ವಿಚ್) ಹಾರುತ್ತೆ ಅನ್ನೋದು ಬೇರೆಯದೇ ಕಥೆ. ಅದು 30 ಮಿಲಿಆಂಪಿಯರ್ ಸೋರಿದರೆ ಹಾರಲೇಬೇಕು. 230 ÷ 0.03 ಮಾಡಿ, 7667 ಓಮ್. ಪಿನ್‌ಗೂ ಅರ್ಥ್‌ಗೂ ನಡುವೆ ಅಷ್ಟು ಸಾವಿರ ಓಮ್ ಇದ್ದರೂ ಅದು ಸೋರಿಕೆಯೇ. ಮಲ್ಟಿಮೀಟರ್ ಕೊಡೋದು ಒಂದೆರಡು ವೋಲ್ಟ್ ಮಾತ್ರ, ಅಷ್ಟಕ್ಕೆ ಹೊರಗೆ ಬಾರದ ಸೋರಿಕೆ 230ಕ್ಕೆ ಬರಬಹುದು. ಹಾಗಾಗಿ ಅರ್ಥ್‌ಗೆ ಓಎಲ್ ಬಂತು ಅಂತ ಪೂರ್ತಿ ನಂಬಬೇಡಿ, ಅದಕ್ಕೆ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯೋ ಮೀಟರ್) ಇರೋರನ್ನೇ ಕರೆಸಿ.

ಅಂದ ಹಾಗೆ, ಈ ಓಮ್ ಆಟವನ್ನು ಹಳೆ ಕಾಲದ ತಂತಿ ಬಲ್ಬ್ ಮೇಲೆ ಆಡಿದರೆ ತಲೆ ಕೆಡುತ್ತೆ. 60 ವಾಟ್ ಬಲ್ಬ್‌ಗೆ ಲೆಕ್ಕದಲ್ಲಿ 880 ಓಮ್ ಬರಬೇಕು, ತಣ್ಣಗಿದ್ದಾಗ ಅಳೆದರೆ 100 ಕೂಡ ಇರಲ್ಲ. ಟಂಗ್‌ಸ್ಟನ್ ಉರಿದಾಗ ಓಮ್ ಹತ್ತಾರು ಪಟ್ಟು ಏರುತ್ತೆ. ಗೀಸರ್, ಇಸ್ತ್ರಿಪೆಟ್ಟಿಗೆಯ ನಿಕ್ರೋಮ್ ತಂತಿ ಹಾಗಲ್ಲ, ತಣ್ಣಗಿರಲಿ ಬಿಸಿಯಿರಲಿ ಕೆಲವೇ ಪರ್ಸೆಂಟ್ ವ್ಯತ್ಯಾಸ. ಫ್ಯಾನು, ಮಿಕ್ಸಿ, ಮೋಟಾರಿಗಂತೂ ವೋಲ್ಟ್ ಭಾಗಿಸು ಆಂಪಿಯರ್ ಅಂದರೆ ಓಮ್ ಸಿಗೋದೇ ಇಲ್ಲ, ಗುಣಿಸಿದರೂ ಸರಿಯಾದ ವಾಟ್ ಸಿಗಲ್ಲ. ನಾನು ಹೇಳ್ತಿರೋದೆಲ್ಲ ಕಾಯಿಸೋ ಸಾಮಾನಿಗೆ ಮಾತ್ರ.

ಲೋಡ್ ಹಾಕಿ ಅಳೆಯಿರಿ, ಸುಮ್ನೆ ಅಳೆದರೆ ಪ್ರಯೋಜನ ಇಲ್ಲ

ಎಲೆಕ್ಟ್ರಿಷಿಯನ್ ಸಾಕೆಟ್‌ಗೆ ಟೆಸ್ಟರ್ ಚುಚ್ಚಿ "ಕರೆಂಟ್ ಬರ್ತಿದೆ" ಅಂದಿದ್ದರಂತೆ. ಟೆಸ್ಟರ್ ದೀಪ 100 ವೋಲ್ಟ್‌ಗೂ ಹೊತ್ತುತ್ತೆ. ಮಲ್ಟಿಮೀಟರ್ ಹಿಡಿದಿದ್ದರೂ ಗೀಸರ್ ಆಫ್ ಇದ್ದಾಗ ಹಿಡಿದರೆ ಅದೇ ಮೋಸ. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರೋವರೆಗೆ ಪ್ರೆಶರ್ ಪೂರ್ತಿ ಇರುತ್ತಲ್ವಾ, ಹಾಗೆ. ನಲ್ಲಿ ಬಿಟ್ಟಾಗಲೇ ಬಣ್ಣ ಬಯಲು.

ಪ್ಲಗ್ ಹಾಕಿದ ಮೇಲೆ ಸಾಕೆಟ್ ಒಳಗೆ ಕಡ್ಡಿ ಹೋಗಲ್ಲ. ಅದಕ್ಕೆ ನಾನು 16 ಆಂಪಿಯರ್‌ನ ಎರಡು ಸಾಕೆಟ್ ಇರೋ ಒಂದು ದಪ್ಪ ಎಕ್ಸ್‌ಟೆನ್ಶನ್ ಮಾಡಿಟ್ಟುಕೊಂಡಿದ್ದೇನೆ. ಒಂದರಲ್ಲಿ ಗೀಸರ್, ಇನ್ನೊಂದರಲ್ಲಿ ಮೀಟರ್. ಅದರ ಕೇಬಲ್‌ನ ಹೊರಗಿನ ಸಿಪ್ಪೆಯನ್ನು ಒಂದು ಗೇಣು ಸುಲಿದು ಕೆಂಪು, ಕಪ್ಪು, ಹಸಿರು ವೈರ್ ಬೇರೆ ಬೇರೆ ಮಾಡಿದ್ದೇನೆ, ವೈರ್‌ಗಳ ಸಿಪ್ಪೆ ಹಾಗೇ ಇದೆ. ಯಾಕಂದ್ರೆ ಕ್ಲಾಂಪ್ ಮೀಟರನ್ನು ಇಡೀ ಕೇಬಲ್ ಸುತ್ತ ಹಾಕಿದರೆ ಸೊನ್ನೆ ತೋರಿಸುತ್ತೆ. ಹೋಗೋ ಕರೆಂಟ್, ಬರೋ ಕರೆಂಟ್ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ವೈರ್ ಒಳಗಿರಬೇಕು. ಇದು ಗೊತ್ತಾಗೋ ಮುಂಚೆ ನಾನೇ ಒಂದು ಒಳ್ಳೆ ಕ್ಲಾಂಪ್ ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗಿದ್ದೆ.

ಒಂದು ಎಚ್ಚರಿಕೆ. ಮಲ್ಟಿಮೀಟರ್‌ನ ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿದ್ದಾಗ ಸಾಕೆಟ್‌ಗೆ ಚುಚ್ಚಬೇಡಿ. ಆಗ ಮೀಟರ್ ಅನ್ನೋದು ಬರೀ ತಂತಿ, ನೇರ ಶಾರ್ಟ್. ಓಮ್‌ನಲ್ಲಿ ಇಟ್ಟುಕೊಂಡು ಚುಚ್ಚೋದೂ ಅಷ್ಟೇ. ಒದ್ದೆ ಬಚ್ಚಲಲ್ಲಿ ಇದೆಲ್ಲ ಮಾಡಬೇಡಿ, ನಾನು ಎಕ್ಸ್‌ಟೆನ್ಶನ್‌ ಬಾಕ್ಸನ್ನು ಹೊರಗಿನ ಪಡಸಾಲೆಗೆ ಎಳೆದುಕೊಂಡು ಕೂತಿದ್ದೆ.

ಮೇನ್ ಬೋರ್ಡ್ ಪಕ್ಕದಲ್ಲೇ ಒಂದು ಚಿಕ್ಕ ಸಾಕೆಟ್ ಇತ್ತು, ಬೋರ್ಡಿನ ವೋಲ್ಟೇಜ್ ನೋಡೋಕೆ ಅದೇ ಸಾಕು, ಬೋರ್ಡ್ ಬಿಚ್ಚೋ ರಗಳೆ ಬೇಡ. ರಾತ್ರಿ ಎಂಟಕ್ಕೆ ಗೀಸರ್ ಆಫ್ ಇದ್ದಾಗ ಎರಡು ಕಡೆಯೂ 218. ಆನ್ ಮಾಡಿದೆ. ಬೋರ್ಡಿನಲ್ಲಿ 213, ಗೀಸರ್ ಹತ್ತಿರ 196, ಕರೆಂಟ್ 7.3 ಆಂಪಿಯರ್. 196 ÷ 7.3 ಅಂದರೆ ಮತ್ತದೇ 27 ಓಮ್ ಹತ್ತಿರ, ಕಾಯಿಲ್ ತನ್ನ ಮಾತಿಗೆ ತಪ್ಪಿಲ್ಲ. 196 × 7.3, ಸುಮಾರು 1430 ವಾಟ್.

ಬೆಳಿಗ್ಗೆ ಆರೂವರೆಗೆ ಮತ್ತೆ ಕೂತೆ. ಆ ಹೊತ್ತಿಗೆ ಸುತ್ತಲಿನ ತೋಟಗಳ ಮೋಟಾರೆಲ್ಲ ಅದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಓಡುತ್ತಿರುತ್ತವೆ. ಬೋರ್ಡಿನಲ್ಲಿ ಗೀಸರ್ ಹಾಕಿದಾಗ 190, ಗೀಸರ್ ಹತ್ತಿರ 175, ಕರೆಂಟ್ 6.5. ಗುಣಿಸಿದರೆ 1137 ವಾಟ್. 35 ನಿಮಿಷದ ಗುಟ್ಟು ಇಲ್ಲಿದೆ.

ಕ್ಲಾಂಪ್ ಮೀಟರ್ ಇಲ್ಲದೋರಿಗೆ ಒಂದು ಉಪಾಯ. ಮನೆಯ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣಮಿಣ ಅಂತಿರುತ್ತಲ್ಲ, ಅದರ ಪಕ್ಕ ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತೆ, ತುಂಬಾ ಕಡೆ 3200. ಬೇರೆಲ್ಲ ಆಫ್ ಮಾಡಿ, ಗೀಸರ್ ಒಂದೇ ಹಾಕಿ, ಒಂದು ನಿಮಿಷ ಎಣಿಸಿ. 3200ರ ಮೀಟರಾದರೆ ಬಂದ ಸಂಖ್ಯೆಯನ್ನು 18.75ರಿಂದ ಗುಣಿಸಿದರೆ ವಾಟ್. ಅವತ್ತು ಬೆಳಿಗ್ಗೆ 66 ಮಿಣುಕು, ಅಂದರೆ 1237 ವಾಟ್. ಗೀಸರ್‌ಗೆ ಸೇರಿದ್ದು 1137. ಹಾಗಾದ್ರೆ ನಡುವೆ ಆ 100 ವಾಟ್ ಯಾರು ತಿಂದರು?

ಹದಿನೈದು ವೋಲ್ಟ್ ಎಲ್ಲಿ ಹೋಯಿತು

ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್. ಹೋಗಿ ಬರೋಕೆ 30 ಮೀಟರ್ ವೈರ್. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್, 30 ಮೀಟರಿಗೆ 0.22. ಆರೂವರೆ ಆಂಪಿಯರ್‌ಗೆ ಒಂದೂವರೆ ವೋಲ್ಟ್ ನಷ್ಟ. ಹಳೆ ಅಲ್ಯೂಮಿನಿಯಂ ವೈರ್ ಅಂತ ಇಟ್ಟುಕೊಂಡರೂ ಮೂರು ವೋಲ್ಟ್ ದಾಟಬಾರದು. ಇಲ್ಲಿ ಹದಿನೈದು ಹೋಗಿದೆ. 15 ÷ 6.5 ಅಂದರೆ 2.3 ಓಮ್. ವೈರಿನ ಪಾಲು ತೆಗೆದರೆ ಇನ್ನೂ 2 ಓಮ್‌ಗೆ ಲೆಕ್ಕ ಸಿಗಲಿಲ್ಲ. ಇಂಥದ್ದು ಉದ್ದಕ್ಕೂ ಹರಡಿರಲ್ಲ, ಎಲ್ಲೋ ಒಂದು ಜಾಯಿಂಟ್‌ನಲ್ಲಿ ಕೂತಿರುತ್ತೆ.

ಕರೆಂಟ್ ತರೋ ಫೇಸ್ ವೈರಿನಲ್ಲೋ, ವಾಪಸ್ ಒಯ್ಯೋ ನ್ಯೂಟ್ರಲ್‌ನಲ್ಲೋ? ಅದನ್ನೂ ಕೂತಲ್ಲೇ ಹೇಳಬಹುದು. ಅರ್ಥ್ ಚೆನ್ನಾಗಿದ್ದರೆ, ಗೀಸರ್ ಹತ್ತಿರದ ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ನೋಡಿ. ಆಫ್ ಇದ್ದಾಗ 2 ವೋಲ್ಟ್ ಇದ್ದದ್ದು ಆನ್ ಮಾಡಿದ ತಕ್ಷಣ 17ಕ್ಕೆ ಹಾರಿತು. ಕಳ್ಳ ನ್ಯೂಟ್ರಲ್‌ನಲ್ಲಿದ್ದಾನೆ.

ಬಚ್ಚಲ ಬಾಗಿಲ ಮೇಲೆ ಒಂದು ಜಂಕ್ಷನ್ ಬಾಕ್ಸ್. ಗೀಸರ್ 20 ನಿಮಿಷ ಓಡಿದ ಮೇಲೆ ಅಂಗೈ ಹಿಂಭಾಗ ಅದರ ಮುಚ್ಚಳಕ್ಕೆ ತಾಗಿಸಿದೆ. ದೋಸೆ ಹೆಂಚಿನ ಹತ್ತಿರ ಕೈ ಹಿಡಿದ ಹಾಗಿತ್ತು. ಮೇನ್ ಆಫ್ ಮಾಡಿ, ಟೆಸ್ಟರ್‌ನಿಂದ ಖಾತ್ರಿ ಮಾಡಿಕೊಂಡು, ಮುಚ್ಚಳ ತೆಗೆದರೆ ಸುಟ್ಟ ಮೀನಿನಂಥ ವಾಸನೆ. ಮನೆ ಕಟ್ಟಿದಾಗಿನ ಅಲ್ಯೂಮಿನಿಯಂ ವೈರ್‌ಗೆ, ಗೀಸರ್ ತಂದಾಗ ಯಾರೋ ತಾಮ್ರದ ವೈರ್ ತಿರುಚಿ ಟೇಪ್ ಸುತ್ತಿದ್ದಾರೆ. ಫೇಸ್ ಜಾಯಿಂಟ್ ಹೇಗೋ ಬದುಕಿತ್ತು. ನ್ಯೂಟ್ರಲ್‌ನ ಟೇಪ್ ಮುಟ್ಟಿದರೆ ಕಂದು ಪುಡಿ, ಒಳಗೆ ಅಲ್ಯೂಮಿನಿಯಂ ಬೂದುಬಣ್ಣಕ್ಕೆ ತಿರುಗಿ ಬಿಳಿ ಹೊಟ್ಟು ಕಟ್ಟಿತ್ತು. ಈ ಎರಡು ಲೋಹ ನೇರ ಸೇರಿದ ಕಡೆ ತೇವ ತಾಗಿದರೆ ತಿಂದುಕೊಂಡು ಹೋಗುತ್ತೆ, ಬಿಸಿಯಾಗಿ ತಣ್ಣಗಾಗಿ ಸಡಿಲವೂ ಆಗುತ್ತೆ. ಬಚ್ಚಲ ಬಾಗಿಲಿಗೆ ತೇವ ಎಲ್ಲಿಂದ ಬಂತು ಅಂತ ಕೇಳಬೇಕಾ?

ಓಮ್ ಜಾಸ್ತಿ ಆದರೆ ಬಿಸಿ ಜಾಸ್ತಿಯೋ, ಕಮ್ಮಿಯೋ?

ಜಂಕ್ಷನ್ ಬಾಕ್ಸ್ ನೋಡುತ್ತಾ ಮಾವ ಕೇಳಿದ ಪ್ರಶ್ನೆ ಇದು, ಒಳ್ಳೆ ಪ್ರಶ್ನೆ. ಕಾಯಿಲ್‌ಗೆ ಓಮ್ ಕಮ್ಮಿ ಇದ್ದಷ್ಟೂ ವಾಟ್ ಜಾಸ್ತಿ ಅಂದೆ, ಜಾಯಿಂಟ್‌ಗೆ ಓಮ್ ಜಾಸ್ತಿ ಆಗಿದ್ದಕ್ಕೆ ಬಿಸಿ ಅಂತೀಯ, ಯಾವುದು ಸರಿ ಅಂತ.

ಎರಡೂ ಸರಿ. ಕರೆಂಟ್ ಎಷ್ಟು ಅಂತ ತೀರ್ಮಾನ ಮಾಡೋದು ಕಾಯಿಲ್, ಅದರ ಹತ್ತಿರ 27 ಓಮ್ ಇದೆ. ಜಾಯಿಂಟ್ ಅನ್ನೋದು ಎರಡೇ ಓಮಿನ ಬಡಪಾಯಿ, ಬಂದಷ್ಟು ಕರೆಂಟನ್ನು ಹಾಯಿಸಲೇಬೇಕು. ಅದರಲ್ಲಿ ಹುಟ್ಟೋ ಬಿಸಿ ಆಂಪಿಯರ್ × ಆಂಪಿಯರ್ × ಓಮ್. ಬೆಳಿಗ್ಗೆ 6.5 × 6.5 × 2, ಸುಮಾರು 85 ವಾಟ್. ರಾತ್ರಿ ವೋಲ್ಟೇಜ್ ಚೆನ್ನಾಗಿದ್ದಾಗ 7.3ರ ಲೆಕ್ಕದಲ್ಲಿ 107. ಅಂದರೆ ನೀರು ಬೇಗ ಕಾಯುತ್ತಿದ್ದ ರಾತ್ರಿಗಳಲ್ಲೇ ಜಾಯಿಂಟ್ ಜಾಸ್ತಿ ಸುಡುತ್ತಿತ್ತು. 100 ವಾಟ್ ಬಲ್ಬ್ ಹೊತ್ತಿಸಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ.

ದುಡ್ಡಿನ ಲೆಕ್ಕದಲ್ಲಿ ಇದೇನೂ ಅಲ್ಲ, ದಿನಕ್ಕೆ ಅರ್ಧ ಗಂಟೆಗೆ 0.05 ಯೂನಿಟ್. ಬಿಲ್ ನೋಡಿದರೆ ಯಾವತ್ತೂ ಗೊತ್ತಾಗಲ್ಲ. ಕರೆಂಟ್ ಮಿತಿ ಮೀರಿದರೆ ಹಾರೋ ಎಂಸಿಬಿ ಸ್ವಿಚ್ಚೂ ಹಾರಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗೋ ಬದಲು ಕಮ್ಮಿಯಾಗಿದೆ.

ಈಗ ಸ್ಟೆಬಿಲೈಸರ್ ವಿಷಯ. ಅದನ್ನು ಗೀಸರ್ ಪಕ್ಕ ಹಾಕಿದ್ದರೆ ಏನಾಗ್ತಿತ್ತು? ಅದು ಹಟ ಹಿಡಿದು ಗೀಸರ್‌ಗೆ 230 ಕೊಡುತ್ತೆ, ಗೀಸರ್ 1960 ವಾಟ್ ಎಳೆಯುತ್ತೆ. ಆ ವಾಟ್ ಎಲ್ಲಿಂದ ಬರಬೇಕು? ಅದೇ ಜಾಯಿಂಟ್ ಮೂಲಕ, ಕಮ್ಮಿ ವೋಲ್ಟೇಜಿನಲ್ಲಿ, ಜಾಸ್ತಿ ಕರೆಂಟಾಗಿ. ಬೋರ್ಡಿನಲ್ಲಿ 190, ದಾರಿಯಲ್ಲಿ 2.3 ಓಮ್ ಅಂತ ಹಿಡಿದು ಲೆಕ್ಕ ಹಾಕಿದರೆ 12 ಆಂಪಿಯರ್ ಆಗುತ್ತೆ. ಸ್ಟೆಬಿಲೈಸರ್ ತಿನ್ನೋದು ಬೇರೆ. ಜಾಯಿಂಟ್‌ನಲ್ಲಿ 12 × 12 × 2, ಸುಮಾರು 290 ವಾಟ್. 85 ಇದ್ದದ್ದು 290. ಎಂಸಿಬಿ 16 ಆಂಪಿಯರ್‌ದು, ಆರಾಮಾಗಿ ನೋಡ್ತಾ ಕೂತಿರುತ್ತೆ.

ಸರಿ ಮಾಡಿದ್ದು ಹೇಗೆ

ಜಾಯಿಂಟ್ ಕತ್ತರಿಸಿ ಮತ್ತೆ ತಿರುಚಿ ಹೊಸ ಟೇಪ್ ಹಾಕೋದು ರಿಪೇರಿ ಅಲ್ಲ. ಮೇನ್‌ನಿಂದ ಗೀಸರ್ ಸಾಕೆಟ್‌ವರೆಗೆ ಹೊಸ 2.5 ಸ್ಕ್ವೇರ್ ತಾಮ್ರದ ವೈರ್, ಜೊತೆಗೆ ಅರ್ಥ್, ನಡುವೆ ಒಂದೂ ಜಾಯಿಂಟ್ ಇಲ್ಲದೆ ಎಳೆಸಿದೆವು. ಗೋಡೆ ಒಡೆಯೋದು ಬೇಡ ಅಂತ ಅತ್ತೆ ಹೇಳಿದ್ದಕ್ಕೆ ಪೈಪ್ ಹೊರಗೇ ಹೋಯಿತು, ಚೆಂದ ಕಾಣಲ್ಲ, ಪರವಾಗಿಲ್ಲ. ಹಳೆ ಸಾಕೆಟ್ ಒಳಗೂ ಸ್ವಲ್ಪ ಕಪ್ಪಾಗಿತ್ತು, ಅದನ್ನೂ ಬದಲಿಸಿದೆವು.

ಮಾರನೇ ದಿನ ಬೆಳಿಗ್ಗೆ ಬೋರ್ಡಿನಲ್ಲಿ 189, ಗೀಸರ್ ಹತ್ತಿರ 187, ಕರೆಂಟ್ 6.9. ಸುಮಾರು 1300 ವಾಟ್, 31 ನಿಮಿಷ. ಅತ್ತೆ ಮುಖ ಸಪ್ಪಗಾಯಿತು. ಇಷ್ಟೆಲ್ಲ ಮಾಡಿ ನಾಲ್ಕೇ ನಿಮಿಷವಾ ಅಂದರು. ನಿಜ, ಬೆಂಕಿಯ ಭಯ ಹೋಯಿತು, ಕಾಯೋ ಹೊತ್ತು ಹೆಚ್ಚೇನೂ ಇಳಿಯಲಿಲ್ಲ, ಯಾಕಂದ್ರೆ ಬಾಕಿ 40 ವೋಲ್ಟ್ ಮನೆಯೊಳಗಿನ ತೊಂದರೆ ಅಲ್ಲ, ಕಂಬದಿಂದಲೇ ಕಮ್ಮಿ. ಈಗ ಅದನ್ನು ಧೈರ್ಯವಾಗಿ ಹೇಳಬಹುದಿತ್ತು. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೋರ್ಡಿನ ವೋಲ್ಟೇಜ್ ಒಂದು ಹಾಳೆಯಲ್ಲಿ ಬರೆದು ಮಾವ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಕೊಟ್ಟುಬಂದರು. ಲೈನ್‌ಮ್ಯಾನ್ ಬಂದು ನೋಡಿ, ಮನೆ ಇದ್ದ ಫೇಸ್ ಮೇಲೆ ಲೋಡ್ ಜಾಸ್ತಿ ಇದೆ ಅಂತ ಕಂಬದಲ್ಲಿ ಇನ್ನೊಂದು ಫೇಸ್‌ಗೆ ಹಾಕಿಕೊಟ್ಟರು. ಈಗ ಬೆಳಿಗ್ಗೆ ಗೀಸರ್ ಹತ್ತಿರ 205 ಸಿಗುತ್ತೆ, 7.6 ಆಂಪಿಯರ್, 1550 ವಾಟ್ ಮೇಲೆ. ಇಪ್ಪತ್ತೈದು ನಿಮಿಷ ಚಿಲ್ಲರೆ.

ನಿಮ್ಮಲ್ಲಿ ಲೋಡ್ ಹಾಕಿದಾಗಲೂ ವೋಲ್ಟ್, ಆಂಪಿಯರ್ ಎರಡೂ ಲೇಬಲ್‌ಗೆ ಸರಿಹೊಂದಿ, ಆದರೂ ನೀರು ಸಾಲದು ಅಂತಿದ್ದರೆ ಕರೆಂಟನ್ನು ಬಿಟ್ಟುಬಿಡಿ. ಅಷ್ಟು ವಾಟ್ ಒಳಗೆ ಹೋದ ಮೇಲೆ ನೀರು ಕಾಯಲೇಬೇಕು. ಥರ್ಮೋಸ್ಟಾಟ್ ಬೇಗ ಕಟ್ ಆಗ್ತಿದೆಯಾ, ಮಿಕ್ಸರ್ ನಲ್ಲಿಯಿಂದ ತಣ್ಣೀರು ಸೇರಿಕೊಳ್ತಿದೆಯಾ ನೋಡಿ.

ಅತ್ತೆ ಈಗ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಹುಯ್ದು ಗೀಸರ್ ಸ್ವಿಚ್ ಒತ್ತುತ್ತಾರೆ, ಡಿಕಾಕ್ಷನ್ ಇಳಿದು ಕಾಫಿ ಮುಗಿಯೋ ಹೊತ್ತಿಗೆ ದೀಪ ಆರಿರುತ್ತೆ. ಮಾವ ಇವತ್ತಿಗೂ ಹಂಡೆ ನೀರೇ. 26.8 ಓಮಿನ ಹಳೆ ಕಾಯಿಲ್ ಸುಣ್ಣ ಉಜ್ಜಿಸಿಕೊಂಡು ಕೊಟ್ಟಿಗೆಯ ಗೂಡಿನಲ್ಲಿ ಕೂತಿದೆ, ಹೊಸದು ಹೋದ ದಿನ ಅದನ್ನೇ ಹಾಕೋದು ಅಂತ ಮಾತಾಗಿದೆ.